ಹನ್ನೆರಡು ಪವನು ಮತ್ತು ಒಂದು ಕಂಪೆನಿ

ನಮ್ಮ ಕಡೆಯವರಿಗೆ ಊರು ಬಿಟ್ಟು ಹೋಗುವುದು ಹೊಸತಲ್ಲ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಹೆದ್ದಾರಿಯ ಎಡಬಲದಲ್ಲಿರುವ ಯಾವ ಮನೆಗೆ ಹೋದರೂ ಆ ಮನೆಯ ಒಂದಾದರೂ ಜೀವ ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಹೈದರಾಬಾದಿನಲ್ಲೋ ಇದ್ದೇ ಇರುತ್ತದೆ. ಮೊದಲು ಹೋಟೆಲಿಗೆಂದು ಹೋದರು. ಆಮೇಲೆ ಬೇಕರಿ, ಕಾಂಡಿಮೆಂಟ್ಸ್ ಎಂದು ಹೋದರು. ಈಗ ಸಾಫ್ಟ್‌ವೇರ್ ಎಂದು ಹೋಗುತ್ತಾರೆ. ಹೆಗಲ ಮೇಲಿನ ಬಟ್ಟೆಗಂಟು ಹೋಗಿ ಲ್ಯಾಪ್‌ಟಾಪಿನ ಚೀಲ ಬಂದಿದೆ. ಹಿಂದೆ ಹುಡುಗರು ಮಾತ್ರ ಹೋಗುತ್ತಿದ್ದರು, ಈಗ ಹುಡುಗಿಯರೂ ಹೋಗುತ್ತಾರೆ. ಕಳಿಸುವ ತಾಯಂದಿರ ಪ್ರಶ್ನೆ ಮಾತ್ರ ಅಂದಿನದೇ: "ಅಲ್ಲಿ ಊಟಕ್ಕೆಂತ ಮಾಡ್ತ್ರ್?"

ನಾನು ಓದಿದ್ದು ಬಿ.ಎ., ಬಿ.ಎಡ್. ಪಾಠ ಮಾಡುವುದು ಸಮಾಜ ವಿಜ್ಞಾನ. ಕಂಪ್ಯೂಟರಿನಲ್ಲಿ ನನಗೆ ಗೊತ್ತಿರುವುದು ಮಕ್ಕಳ ಅಂಕ ತುಂಬುವುದು, ಸುತ್ತೋಲೆ ಇಳಿಸಿಕೊಳ್ಳುವುದು, ಇಷ್ಟೇ. ಆದರೆ ಕುಂದಾಪುರದಿಂದ ಬ್ರಹ್ಮಾವರಕ್ಕೆ ದಿನವೂ ಬಸ್ಸಿನಲ್ಲಿ ಹೋಗಿ ಬರುವ ಟೀಚರಿಗೆ ಎಲ್ಲವೂ ಗೊತ್ತಿರಬೇಕೆಂದು ನಮ್ಮ ಹೆಂಗಸರ ನಂಬಿಕೆ. ಪಕ್ಕದ ಸೀಟಿನಲ್ಲಿ ಕುಳಿತವರು ಹಳೆಯ ವಿದ್ಯಾರ್ಥಿನಿಯ ತಾಯಿಯಾಗಿದ್ದರಂತೂ ಕೋಟ ಬರುವುದರೊಳಗೆ ಚೀಲದಿಂದ ಒಂದು ಕಾಗದ ಹೊರಗೆ ಬರುತ್ತದೆ. "ಟೀಚರ್ರೇ, ಇದೊಂಚೂರ್ ಓದಿ ಕಾಣಿ. ನಾಲ್ಕು ಲಕ್ಷದ ಕೆಲಸವಂತೆ."

ಹೀಗೆ ಬಸ್ಸಿನಲ್ಲಿ ಓದಿಯೇ ನಾನು ನೇಮಕ ಪತ್ರ ಓದುವುದನ್ನು ಕಲಿತೆ. ನೀವೂ ಕಲಿಯುವುದು ಒಳ್ಳೆಯದು, ಕಷ್ಟವೇನಿಲ್ಲ. ಮೇಲೆ ದೊಡ್ಡದಾಗಿ ಬರೆದ ಮೊತ್ತ ಕೈಗೆ ಬರುವ ಸಂಬಳವಲ್ಲ. ಅದರಲ್ಲಿ ಭವಿಷ್ಯನಿಧಿಗೆ ಕಂಪೆನಿ ಹಾಕುವ ಪಾಲು ಸೇರಿರುತ್ತದೆ, ವಿಮೆಯ ಕಂತು ಸೇರಿರುತ್ತದೆ, ವರ್ಷದ ಕೊನೆಗೆ ‘ಕೆಲಸ ನೋಡಿ’ ಕೊಡುವ, ಕೊಟ್ಟರೆ ಕೊಡುವ, ಭಾಗವೂ ಸೇರಿರುತ್ತದೆ. ಅವನ್ನೆಲ್ಲ ಕಳೆದು ಹನ್ನೆರಡರಿಂದ ಭಾಗಿಸಿದಾಗ ಉಳಿಯುವುದರಲ್ಲಿ ಬೆಂಗಳೂರಿನ ಪಿ.ಜಿ. ಬಾಡಿಗೆ ಹೋಗಬೇಕು, ಊಟ ಹೋಗಬೇಕು, ಊರಿಗೆ ಬರುವ ಬಸ್ಸು ಚಾರ್ಜು ಹೋಗಬೇಕು. ದೊಡ್ಡ ಕಂಪೆನಿಗಳಲ್ಲಿ ಹೊಸಬರಿಗೆ ಕೊಡುವ ಮೊತ್ತ ಬಹಳ ವರ್ಷಗಳಿಂದ ಮೂರೂವರೆ ಲಕ್ಷದ ಆಸುಪಾಸಿನಲ್ಲಿಯೇ ಕುಳಿತಿದೆ. ಬಾಡಿಗೆ ಮಾತ್ರ ಕುಳಿತಲ್ಲಿ ಕುಳಿತಿಲ್ಲ ನೋಡಿ!

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ನನ್ನ ವಿದ್ಯಾರ್ಥಿನಿಯೊಬ್ಬಳಿಂದ, ‘ತರಬೇತಿ ಕೊಟ್ಟು ಕೆಲಸ ಕೊಡುತ್ತೇವೆ’ ಎಂದು ಬೆಂಗಳೂರಿನ ಒಂದು ಸಂಸ್ಥೆಯವರು ಅರುವತ್ತು ಸಾವಿರ ರೂಪಾಯಿ ಕಟ್ಟಿಸಿಕೊಂಡು, ಮೂಲ ಅಂಕಪಟ್ಟಿಯನ್ನೂ ತೆಗೆದಿಟ್ಟುಕೊಂಡಿದ್ದರು. ಅದನ್ನು ಬಿಡಿಸಿಕೊಳ್ಳಲು ಅವಳ ಅಪ್ಪ ಮೂರು ಬಾರಿ ರಾತ್ರಿ ಬಸ್ಸು ಹತ್ತಿದರು. ಕೆಲಸ ಕೊಡುವುದಕ್ಕೆ ನಮ್ಮಿಂದಲೇ ದುಡ್ಡು ಕೇಳುವವರ ಹತ್ತಿರ ಕೆಲಸ ಇರುವುದಿಲ್ಲ. ಮೂಲ ಪ್ರಮಾಣಪತ್ರವನ್ನು ತೋರಿಸಬಹುದು, ಇಟ್ಟುಹೋಗಬಾರದು. ಇದನ್ನು ನಾನು ಹತ್ತನೆಯ ತರಗತಿಯ ಮಕ್ಕಳಿಗೆ ಪಾಠದ ನಡುವೆಯೇ ಹೇಳುತ್ತೇನೆ. ಸಿಲೆಬಸ್ಸಿನಲ್ಲಿ ಇಲ್ಲ ಎನ್ನುವುದು ಗೊತ್ತು.

ಈ ಎಲ್ಲ ಬಿಟ್ಟಿ ಸಲಹೆಗಳು ಬೇರೆಯವರ ಮಕ್ಕಳಿಗಾದರೆ ಸುಲಭ. ನನ್ನ ತಂಗಿಯ ಮಗಳ ವಿಷಯ ಬಂದಾಗ ನಾನು ಗಂಭೀರವಾಗಿ ಕುಳಿತು ಯೋಚಿಸಬೇಕಾಯಿತು.

ತಂಗಿಯ ಮನೆ ಬೈಂದೂರಿನ ಹತ್ತಿರ. ಅವಳ ಗಂಡ ಅಣ್ಣತಮ್ಮಂದಿರ ಜೊತೆ ಹೈದರಾಬಾದಿನಲ್ಲಿ ಹೋಟೆಲು ನಡೆಸುತ್ತಿದ್ದರು. ಗಲ್ಲಾ ಒಂದೇ, ಮನಸ್ಸೂ ಒಂದೇ ಎಂಬ ಕಾಲ. ಅವರು ತೀರಿಕೊಂಡಾಗ ಮಗಳು ಏಳನೆಯ ತರಗತಿಯಲ್ಲಿದ್ದಳು. ಆಗ ತಿಳಿಯಿತು, ಇಪ್ಪತ್ತು ವರ್ಷ ದುಡಿದ ಮನುಷ್ಯನ ಪಾಲು ಎಷ್ಟು ಎಂದು ಒಂದು ಚೀಟಿಯಲ್ಲೂ ಬರೆದಿರಲಿಲ್ಲ. ಯಾರೂ ಕೆಟ್ಟವರಲ್ಲ, ಆದರೆ ಕಾಗದವಿಲ್ಲದ ಲೆಕ್ಕ ಒಬ್ಬೊಬ್ಬರ ನೆನಪಿನಲ್ಲಿ ಒಂದೊಂದು ಥರ ಇರುತ್ತದೆ. ತಂಗಿಗೆ ಉಳಿದದ್ದು ಮನೆ, ಹತ್ತು ಸೆಂಟ್ಸು ತೋಟ, ಮತ್ತು ಮದುವೆಗೆ ನಮ್ಮ ಅಪ್ಪಯ್ಯ ಹಾಕಿದ ಹನ್ನೆರಡು ಪವನು ಚಿನ್ನ. ಅದರಲ್ಲಿ ಒಂದು ಗುಲಗಂಜಿಯಷ್ಟನ್ನೂ ಮಾರದೆ, ಟೈಲರಿಂಗ್ ಮಾಡಿ, ವಿದ್ಯಾಭ್ಯಾಸದ ಸಾಲ ಮಾಡಿಸಿ ಮಗಳನ್ನು ಎಂಜಿನಿಯರಿಂಗ್ ಓದಿಸಿದಳು.

ಹುಡುಗಿ 2019ರಲ್ಲಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಳು. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಎಲ್ಲರ ಮಕ್ಕಳೂ ಚೀಲ ಹೊತ್ತು ಊರಿಗೆ ಬಂದ ಹಾಗೆ ಇವಳೂ ಬಂದಳು. ಮಳೆಗಾಲದಲ್ಲಿ ಕರೆಂಟು ಇದ್ದರೆ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಇದ್ದರೆ ಕರೆಂಟು ಇಲ್ಲ. ಮನೆಯ ಅಟ್ಟದ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್ ಬರುತ್ತಿತ್ತು. ಅಮೆರಿಕದವರೊಡನೆ ಮೀಟಿಂಗು, ಕೆಳಗೆ ಅಮ್ಮನ ಹೊಲಿಗೆ ಯಂತ್ರದ ಸದ್ದು. ಅಲ್ಲಿ ಬಟ್ಟೆ ಹೊಲಿಸಲು ಬರುವವರಲ್ಲಿ ಅರ್ಧಕ್ಕರ್ಧ ಹೆಂಗಸರು ಗೇರುಬೀಜ ಕಾರ್ಖಾನೆಗೆ ಹೋಗುವವರು. ನಮ್ಮ ತಾಲೂಕುಗಳಲ್ಲಿ ಗೇರುಬೀಜದ ಕೆಲಸ ಎಷ್ಟು ಮನೆಗಳ ಒಲೆ ಉರಿಸಿದೆ ಎಂದು ಹೊರಗಿನವರಿಗೆ ಗೊತ್ತಿಲ್ಲ. ಬೀಜ ಬೇಯಿಸುವುದು, ಒಡೆಯುವುದು, ಒಣಗಿಸುವುದು, ಒಳಸಿಪ್ಪೆ ಸುಲಿಯುವುದು, ಗಾತ್ರ ನೋಡಿ ಬೇರ್ಪಡಿಸುವುದು. ಡಬ್ಲ್ಯೂ 320 ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ ಒಂದು ಪೌಂಡಿಗೆ 300ರಿಂದ 320 ಬೀಜ ಎಂದು ಅರ್ಥ. ಡಬ್ಲ್ಯೂ 180 ಎಂದರೆ ಇನ್ನೂ ದಪ್ಪ ಬೀಜ, ಇನ್ನೂ ಹೆಚ್ಚು ಬೆಲೆ. ಸುಲಿಯುವವರಿಗೆ ಕೂಲಿ ತೂಕದ ಲೆಕ್ಕದಲ್ಲಿ. ದಿನಕ್ಕೆ ಎರಡು ಮೂರು ಬಾರಿ ತೂಗಿ ಮೇಸ್ತ್ರಿಯ ಪುಸ್ತಕದಲ್ಲಿ ಬರೆಯುತ್ತಾರೆ. ವಾರದ ಕೊನೆಗೆ ಪುಸ್ತಕದ ಲೆಕ್ಕಕ್ಕೂ ಹೆಂಗಸರ ಬಾಯಿಲೆಕ್ಕಕ್ಕೂ ತಾಳೆಯಾಗದೆ ಜಗಳ.

ಈ ಜಗಳವನ್ನು ಮಗಳು ಅಟ್ಟದಿಂದ ಕೇಳಿಸಿಕೊಂಡಳು. ಅಲ್ಲಿಂದ ಹುಟ್ಟಿತು ಅವಳ ಕಂಪೆನಿಯ ಯೋಚನೆ. ತೂಕ ನೇರವಾಗಿ ತಕ್ಕಡಿಯಿಂದ ಕಂಪ್ಯೂಟರಿಗೆ ಹೋಗಬೇಕು, ಹೆಸರು ಕನ್ನಡದಲ್ಲಿ ಇರಬೇಕು, ಸಂಬಳದ ಪಟ್ಟಿ ತಾನೇ ತಯಾರಾಗಬೇಕು. ಕಾಲೇಜಿನ ಗೆಳೆಯನೊಬ್ಬ ಜೊತೆಗೆ ಬರುತ್ತಾನೆ. 2022ರಲ್ಲಿ ಆಫೀಸಿನವರು ಎಲ್ಲರೂ ಬೆಂಗಳೂರಿಗೆ ಮರಳಿ ಬನ್ನಿ ಎಂದಾಗ ಇವಳು ಹೋದಳು, ಆದರೆ ಮನಸ್ಸು ಅಟ್ಟದಲ್ಲೇ ಉಳಿದಿತ್ತು.

ತಂಗಿ ಫೋನು ಮಾಡಿದಳು. "ಅಕ್ಕಾ, ಹೆಣ್ಣ್ ಕೆಲ್ಸ ಬಿಡ್ತೆ ಅಂತ್ಳ್. ನೀ ಒಂಚೂರ್ ಹೇಳ್." ನಾನು ಏನಾದರೂ ಹೇಳುವ ಮೊದಲೇ ಮುಂದಿನ ಮಾತೂ ಬಂತು: "ಬಿಡುದೇ ಆದ್ರೆ ಚಿನ್ನ ಇತ್ತಲ, ಬ್ಯಾಂಕಿಗ್ ಇಡ್ತೆ." ತಾಯಂದಿರ ಮನಸ್ಸು ಹೀಗೆಯೇ. ಬೇಡ ಎನ್ನುವ ಬಾಯಿ ಮುಚ್ಚುವ ಮೊದಲೇ ಪೆಟ್ಟಿಗೆಯ ಬೀಗ ತೆರೆದಿರುತ್ತದೆ.

ಇಂಥ ಹೊತ್ತಿನಲ್ಲಿ ನಮ್ಮವರೆಲ್ಲ ಉದಾಹರಣೆಗೆ ಹಿಡಿಯುವುದು ಸುಧಾ ಮೂರ್ತಿಯವರನ್ನು. 1981ರಲ್ಲಿ ಗಂಡನಿಗೆ ಹತ್ತು ಸಾವಿರ ಕೊಟ್ಟರು, ಇನ್ಫೋಸಿಸ್ ಆಯಿತು ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ತಂಗಿಯೂ ಹೇಳಿದಳು. ಆ ಕತೆಯಲ್ಲಿ ನನಗೆ ಹಣಕ್ಕಿಂತ ಬೇರೆಯದೇ ಮುಖ್ಯವಾಗಿ ಕಾಣುತ್ತದೆ. ಆ ಹತ್ತು ಸಾವಿರ ಅವರ ಉಳಿತಾಯದ ಹಣ, ಸಾಲವಲ್ಲ. ಅವರು ಸ್ವತಃ ಎಂಜಿನಿಯರ್ ಆಗಿ ದುಡಿಯುತ್ತಿದ್ದವರು. ಮೂರು ವರ್ಷ ಸಮಯ ಕೊಡುತ್ತೇನೆ, ಅಲ್ಲಿಯವರೆಗೆ ಸಂಸಾರ ನಾನು ನೋಡಿಕೊಳ್ಳುತ್ತೇನೆ ಎಂದು ಗಂಡನಿಗೆ ಹೇಳಿದ್ದಾಗಿ ಅವರೇ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. ಅಂದರೆ ಕೊಟ್ಟದ್ದು ಹಣ ಮಾತ್ರವಲ್ಲ, ಅವಧಿ. ಅದೂ ಲೆಕ್ಕ ಹಾಕಿದ ಅವಧಿ. ಆಮೇಲೂ ಅದೇನು ಹೂವಿನ ಹಾಸಿಗೆಯಾಗಿರಲಿಲ್ಲ. ಏಳು ಜನ ಸೇರಿ ಕಟ್ಟಿದ್ದರಲ್ಲಿ ಒಬ್ಬರು 1989ರಲ್ಲಿ ಬಿಟ್ಟುಹೋದರು. 1990ರಲ್ಲಿ ಹತ್ತು ಲಕ್ಷ ಡಾಲರಿಗೆ ಕಂಪೆನಿಯನ್ನೇ ಮಾರಿಬಿಡುವ ಮಾತು ಬಂದಿತ್ತು. ಒಂಬತ್ತು ವರ್ಷ ದುಡಿದ ಮೇಲೆ! ನಮ್ಮ ತಂಗಿಯಂಥವರ ಮನೆಯಲ್ಲಿ ಎರಡನೇ ಸಂಬಳ ಯಾರದ್ದು? ಹೊಲಿಗೆ ಯಂತ್ರದ್ದು.

ಅಷ್ಟು ದೂರ ಹೋಗುವುದೇ ಬೇಡ. ನಾನು ಇತಿಹಾಸದ ಟೀಚರು. ನಮ್ಮ ಕಾಲಬುಡದಲ್ಲೇ ಪಾಠಗಳಿವೆ. ಈಗ ಬ್ರಹ್ಮಾವರ ತಾಲೂಕಿನಲ್ಲಿರುವ, ಸಾಲಿಗ್ರಾಮದ ಹತ್ತಿರದ ಪಾರಂಪಳ್ಳಿಯಿಂದ ಹೋದ ಯಜ್ಞನಾರಾಯಣ ಮಯ್ಯರು ಸೋದರರೊಂದಿಗೆ 1924ರಲ್ಲಿ ಬೆಂಗಳೂರಿನಲ್ಲಿ ಒಂದು ಸಣ್ಣ ಹೋಟೆಲು ತೆರೆದರು. ಅದೇ ಎಂ.ಟಿ.ಆರ್. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾದಾಗ ಅಂಗಡಿ ಮುಚ್ಚಿ ಕೂರದೆ ರವೆಯಲ್ಲಿ ಇಡ್ಲಿ ಮಾಡಿದರು. ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿಯ ಹೋಟೆಲುಗಳ ಶುಚಿತ್ವ ನೋಡಿ ಬಂದು ಇಲ್ಲಿಯ ಪಾತ್ರೆಗಳನ್ನು ಹಬೆಯಲ್ಲಿ ತೊಳೆಸಿದರು. ತುರ್ತು ಪರಿಸ್ಥಿತಿಯ ಕಾಲದಲ್ಲಿ ತಿಂಡಿಯ ಬೆಲೆಯನ್ನು ಸರಕಾರ ಕಟ್ಟಿಹಾಕಿ ಹೋಟೆಲು ನಷ್ಟಕ್ಕೆ ಬಿದ್ದಾಗ ಹಿಟ್ಟು, ಪುಡಿಗಳ ಪೊಟ್ಟಣ ಮಾಡಿ ಮಾರಲು ಹೊರಟರು. ಆ ಪೊಟ್ಟಣದ ವ್ಯಾಪಾರವನ್ನೇ 2007ರಲ್ಲಿ ನಾರ್ವೆಯ ಓರ್ಕ್ಲಾ ಎಂಬ ಕಂಪೆನಿ ಕೊಂಡಿತು. ಹೋಟೆಲು ಮಾತ್ರ ಮನೆತನದಲ್ಲೇ ಉಳಿಯಿತು. ಈಗಿನ ಮಕ್ಕಳು ‘ದಿಕ್ಕು ಬದಲಿಸುವುದು’ ಎಂಬುದಕ್ಕೆ ಏನೇನೋ ಹೆಸರು ಹೇಳುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಅದಕ್ಕೆ ‘ಇದ್ದದ್ರಲ್ಲ್ ಸುಧಾರ್ಸುದು’ ಎನ್ನುತ್ತೇವೆ.

ಸಾಫ್ಟ್‌ವೇರಿನದೇ ಬೇಕೆಂದರೆ ಅದೂ ಇದೆ. 1996ರಲ್ಲಿ ರೋಹಿತ್ ಭಟ್ ಎಂಬವರು ಉಡುಪಿಯಲ್ಲಿ ರೋಬೋಸಾಫ್ಟ್ ಕಂಪೆನಿ ಶುರು ಮಾಡಿದರು. ಆಗ ಉಡುಪಿ ಇನ್ನೂ ಜಿಲ್ಲೆಯಾಗಿರಲಿಲ್ಲ. ಅದು ಆದದ್ದು 1997ರಲ್ಲಿ. ಮುಂಬಯಿಗೆ ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ. ದೇಶದ ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿ ಒಂದು ವರ್ಷವಷ್ಟೇ ಆಗಿತ್ತು, ಅದೂ ದೊಡ್ಡ ದೊಡ್ಡ ನಗರಗಳಲ್ಲಿ. ಅಂಥ ಊರಿನಲ್ಲಿ ಕುಳಿತು ಆಪಲ್ ಕಂಪೆನಿಯ ಮ್ಯಾಕ್ ಕಂಪ್ಯೂಟರಿಗೆ ತಂತ್ರಾಂಶ ಬರೆಯಲು ಹೊರಟರು. ಎಲ್ಲರೂ ಮಾಡುವುದನ್ನು ಮಾಡದೆ, ಕೆಲವರಿಗೇ ಬರುವ ಕೆಲಸವನ್ನು ಹಿಡಿದದ್ದರಿಂದ ದೂರದವರು ಇವರನ್ನು ಹುಡುಕಿಕೊಂಡು ಬರಬೇಕಾಯಿತು. 2008ರಲ್ಲಿ ಫೋನಿನೊಳಗಿನ ತಂತ್ರಾಂಶಗಳ ಕಾಲ ಬಂದಾಗ ಅದೇ ವಿದ್ಯೆ ಹತ್ತು ಪಟ್ಟಿಗೆ ಉಪಯೋಗವಾಯಿತು. 2021ರಲ್ಲಿ ಜಪಾನಿನ ಟೆಕ್ನೋಪ್ರೊ ಸಂಸ್ಥೆ ಅದನ್ನು ಸುಮಾರು 805 ಕೋಟಿ ರೂಪಾಯಿಗೆ ಕೊಂಡಿತು. ಇಪ್ಪತ್ತೈದು ವರ್ಷ ಹಿಡಿಯಿತು ಎಂಬುದನ್ನು ಮಾತ್ರ ಪೇಪರಿನವರು ಸಣ್ಣ ಅಕ್ಷರದಲ್ಲಿ ಹಾಕುತ್ತಾರೆ.

ಇದನ್ನೆಲ್ಲ ಹೇಳಿದ ಮೇಲೆ ನಾನು ಹುಡುಗಿಗೆ ಕೊಟ್ಟ ಮೊದಲ ಸಲಹೆ ಬಹಳ ಸಪ್ಪೆಯದು: "ಕೆಲಸದಲ್ಲಿ ಇದ್ದುಕೊಂಡೇ ಶುರು ಮಾಡು ಮಗಾ." ಎಲ್ಲ ದೊಡ್ಡಮ್ಮಂದಿರೂ ಹೇಳುವುದು ಇದನ್ನೇ. ಅವಳು ತನ್ನ ನೇಮಕ ಪತ್ರ ತಂದು ಎದುರಿಗಿಟ್ಟಳು. ಹತ್ತನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು. ಉದ್ಯೋಗದಲ್ಲಿರುವಾಗ ಬೇರೆ ಕೆಲಸ ಮಾಡುವಂತಿಲ್ಲ. ಆ ಅವಧಿಯಲ್ಲಿ ತಯಾರಿಸಿದ ತಂತ್ರಾಂಶ ಕಂಪೆನಿಗೆ ಸೇರಿದ್ದು. ಅಂದರೆ ಶನಿವಾರ ರಾತ್ರಿ ಅಟ್ಟದಲ್ಲಿ ಕುಳಿತು ಬರೆದದ್ದರ ಮೇಲೂ ಅವರು ಹಕ್ಕು ಹೇಳಬಹುದು. ನಾಳೆ ವ್ಯವಹಾರ ಕುದುರಿದ ಮೇಲೆ ಒಂದು ನೋಟೀಸು ಬಂದರೆ? ಆದ್ದರಿಂದ ಅವಳು ಒಂದು ಸಾಲನ್ನೂ ಬರೆಯಲಿಲ್ಲ. ರಜೆಗೆ ಬಂದಾಗಲೆಲ್ಲ ಕಾರ್ಖಾನೆಗಳಿಗೆ ಹೋಗಿ ಸುಮ್ಮನೆ ಕುಳಿತು ನೋಡಿದಳು. ಕೇಳಿದಳು.

ಇದು ಎಲ್ಲಕ್ಕಿಂತ ಒಳ್ಳೆಯದಾಯಿತು. ಅವಳ ಎಣಿಕೆಯಲ್ಲಿ ಪ್ರತಿ ಹೆಂಗಸಿನ ಮೊಬೈಲಿಗೂ ತೂಕದ ವಿವರ ಬರಬೇಕೆಂದಿತ್ತು. ಇಪ್ಪತ್ತೆರಡು ವರ್ಷ ಬೀಜ ಸುಲಿದು ಬೆರಳ ತುದಿಯ ಗೆರೆಗಳೇ ಸವೆದ ಒಬ್ಬಾಕೆ ಹೇಳಿದ್ದಿಷ್ಟು: "ಮೊಬೈಲ್ ನಂಗೆಂತಕ್ ಮಗಾ? ಅದ್ ಮನಿಯಂಗೆ ಮಕ್ಳ್ ಕೈಯಂಗಿರತ್ತ್. ತೂಕದ್ ಚೀಟಿ ಒಂದ್ ಕೊಟ್ರೆ ಸಾಕ್." ಬಸ್ಸಿನ ಕಂಡಕ್ಟರ್ ಕೊಡುವಂಥ ಚೀಟಿ. ತಕ್ಕಡಿಗೆ ಒಂದು ಪುಟ್ಟ ಪ್ರಿಂಟರು ಜೋಡಿಸಿ, ತೂಗಿದ ತಕ್ಷಣ ಹೆಸರು, ತೂಕ, ಸಮಯ ಕನ್ನಡದಲ್ಲಿ ಮುದ್ರಿಸಿ ಕೈಗೆ ಕೊಡುವುದು. ಮೊದಲು ಅವಳು ಬೆರಳ ಗುರುತಿನ ಯಂತ್ರವನ್ನೂ ಯೋಚಿಸಿದ್ದಳು. ಆ ಬೆರಳುಗಳನ್ನು ನೋಡಿದ ಮೇಲೆ ಅದನ್ನು ಕೈಬಿಟ್ಟು ಪ್ರತಿಯೊಬ್ಬರಿಗೂ ಒಂದು ನಂಬರಿನ ಬಿಲ್ಲೆ ಮಾಡಿಸುವುದೆಂದು ತೀರ್ಮಾನಿಸಿದಳು.

2023ರ ಫೆಬ್ರವರಿಯಲ್ಲಿ ರಾಜೀನಾಮೆ ಕೊಟ್ಟು, ಮೂರು ತಿಂಗಳ ನೋಟೀಸು ಮುಗಿಸಿ ಮೇ ತಿಂಗಳಲ್ಲಿ ಹೊರಬಂದಳು. ಊರಿನವರ ಬಾಯಿ ಕೇಳಬೇಕೆ? "ಕೆಲಸದಿಂದ ತೆಗೆದದ್ದಂತೆ", "ಆ ಹುಡುಗ ಯಾರಂತೆ?" ಬಂದಿದ್ದ ಎರಡು ಸಂಬಂಧಗಳಲ್ಲಿ ಒಂದು ಆ ವಾರವೇ ಮರಳಿಹೋಯಿತು. ಇನ್ನೊಂದರವರು, ಕಂಪೆನಿ ಕೆಲಸ ಬಿಟ್ಟು ಸ್ವಂತ ಕಂಪೆನಿಯಾದರೆ ತಿಂಗಳಿಗೆ ಗ್ಯಾರಂಟಿ ಎಷ್ಟು ಎಂದು ಕೇಳಿದರು. ಪ್ರಶ್ನೆ ತಪ್ಪಲ್ಲ, ನಾನೂ ಅದನ್ನೇ ಕೇಳಬೇಕೆಂದಿದ್ದೆ.

ಹಣದ ಲೆಕ್ಕವನ್ನು ನಾವು ನಮ್ಮ ಕುಂದಾಪುರದ ಮನೆಯ ಚಾವಡಿಯಲ್ಲಿ ಕುಳಿತು ಮಾಡಿದೆವು. ಅವಳು ಎರಡು ಲಕ್ಷ, ಗೆಳೆಯ ಎರಡು ಲಕ್ಷ, ಇಬ್ಬರದೂ ಸಂಬಳದಲ್ಲಿ ಉಳಿಸಿದ್ದು. ಬಾಡಿಗೆ ಇಲ್ಲ, ಅಟ್ಟವೇ ಆಫೀಸು. ಊಟ, ಬಸ್ಸು, ಫೋನು, ಪ್ರಿಂಟರು, ಆಡಿಟರ ಫೀಸು, ಅವಳ ವಿದ್ಯಾಭ್ಯಾಸ ಸಾಲದ ಉಳಿದ ಕಂತು, ಎಲ್ಲ ಸೇರಿ ತಿಂಗಳಿಗೆ ಮೂವತ್ತೈದು ಸಾವಿರ. ನಾಲ್ಕು ಲಕ್ಷವನ್ನು ಮೂವತ್ತೈದು ಸಾವಿರದಿಂದ ಭಾಗಿಸಿದರೆ ಹನ್ನೊಂದು ತಿಂಗಳು, ಚಿಲ್ಲರೆ. ಆ ಸಂಖ್ಯೆಯನ್ನು ಒಂದು ಕಾಗದದಲ್ಲಿ ಬರೆದು ಅಟ್ಟದ ಗೋಡೆಗೆ ಅಂಟಿಸಲು ಹೇಳಿದೆ. ತಿಂಗಳು ಮುಗಿದಂತೆ ಹೊಡೆದುಹಾಕುತ್ತಾ ಬರಬೇಕು. ಚಿನ್ನದ ಮಾತು ಬೇಡ ಎಂದೆ. ತಂಗಿಗೆ ಸಿಟ್ಟು ಬಂತು. "ನನ್ ಚಿನ್ನ, ನನ್ ಮಗ್ಳ್, ನಿಂಗೆಂತ?" ಎಂದಳು. ಅದು ಸರಿಯೇ. ಆದರೆ ಕಂಪೆನಿ ಮುಳುಗಿದರೆ ಹುಡುಗಿ ಇನ್ನೊಂದು ಕೆಲಸ ಹಿಡಿಯಬಹುದು, ವಯಸ್ಸಿದೆ. ಐವತ್ತು ದಾಟಿದ ತಾಯಿಯ ಹನ್ನೆರಡು ಪವನು ಎರಡನೇ ಸಲ ಹುಟ್ಟುವುದಿಲ್ಲ.

ಪಾಲಿನ ಕಾಗದ ಬರೆಯಿಸಿದ್ದು ನಾನೇ, ಹಟ ಹಿಡಿದು. ಇಬ್ಬರೂ ನಕ್ಕರು. "ದೊಡ್ಡಮ್ಮ, ನಾವು ಫ್ರೆಂಡ್ಸ್." ಅವಳ ಅಪ್ಪ ಮತ್ತು ಚಿಕ್ಕಪ್ಪಂದಿರು ಫ್ರೆಂಡ್ಸಿಗಿಂತ ಹೆಚ್ಚಾಗಿದ್ದರು ಎಂದೆ. ಆಮೇಲೆ ನಗಲಿಲ್ಲ. ಆಡಿಟರು ಒಂದು ಕ್ರಮ ಹೇಳಿಕೊಟ್ಟರು. ಈ ವ್ಯವಹಾರದಲ್ಲಿ ಸಾಮಾನ್ಯವಾಗಿ ಎಲ್ಲರೂ ಅನುಸರಿಸುವುದಂತೆ. ಅರ್ಧರ್ಧ ಪಾಲು ಎಂದು ಬರೆದುಕೊಂಡರೂ ಅದು ಒಮ್ಮೆಗೇ ದಕ್ಕುವುದಿಲ್ಲ. ನಾಲ್ಕು ವರ್ಷ ದುಡಿದಂತೆ ಸ್ವಲ್ಪಸ್ವಲ್ಪವೇ ದಕ್ಕುತ್ತದೆ. ಒಂದು ವರ್ಷ ತುಂಬುವ ಮೊದಲು ಬಿಟ್ಟವರಿಗೆ ಪಾಲೇ ಇಲ್ಲ. ಹಾಕಿದ ಹಣ ಕಂಪೆನಿಗೆ ಕೊಟ್ಟ ಕೈಗಡ ಎಂದು ಪರಿಗಣಿಸಿ, ಅನುಕೂಲವಾದಾಗ ಬಡ್ಡಿಯಿಲ್ಲದೆ ಹಿಂದಿರುಗಿಸುವುದು ಎಂದು ಇವರು ಸೇರಿಸಿಕೊಂಡರು. ಜೂನ್ ತಿಂಗಳ ಜಡಿಮಳೆಯಲ್ಲಿ ಪ್ರೈವೇಟ್ ಲಿಮಿಟೆಡ್ ಕಂಪೆನಿ ರಿಜಿಸ್ಟ್ರಿ ಆಯಿತು.

ದರ ಕಟ್ಟುವಾಗ ಹುಡುಗಿಗೆ ನಮ್ಮ ಊರಿನ ಒಂದು ಹಳೆಯ ಸಂಗತಿ ಹೇಳಿದ್ದೆ. 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವರು ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕು ತೆರೆದರು, ಕಷ್ಟದಲ್ಲಿದ್ದ ನೇಕಾರರಿಗೆ ನೆರವಾಗಲೆಂದು. ಮುಂದೆ ಅದು ಸಿಂಡಿಕೇಟ್ ಬ್ಯಾಂಕಾಯಿತು. 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಆ ಬ್ಯಾಂಕು 1928ರಲ್ಲಿ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆ, ಮನೆಬಾಗಿಲಿಗೇ ಬಂದು ತೆಗೆದುಕೊಂಡು ಹೋಗುವುದು. ತಿಂಗಳಿಗೆ ನಾಲ್ಕು ರೂಪಾಯಿ ಒಮ್ಮೆಗೇ ಕೊಡು ಎಂದಿದ್ದರೆ ಬೀಡಿ ಕಟ್ಟುವವಳು ಎಲ್ಲಿಂದ ಕೊಡುತ್ತಿದ್ದಳು? ಎರಡಾಣೆಯಾದರೆ ಕೊಟ್ಟಳು. ಹುಡುಗಿ ಮೊದಲು ತಂತ್ರಾಂಶಕ್ಕೆ ಒಮ್ಮೆಗೇ ಒಂದೂವರೆ ಲಕ್ಷ ಹೇಳಬೇಕೆಂದಿದ್ದಳು. ಕೊನೆಗೆ ಒಬ್ಬ ಕೆಲಸಗಾರ್ತಿಗೆ ತಿಂಗಳಿಗೆ ನಲವತ್ತು ರೂಪಾಯಿಯಂತೆ ಮಾಡಿದಳು. ಎಂಬತ್ತು ಜನ ಇರುವ ಕಾರ್ಖಾನೆಗೆ ತಿಂಗಳಿಗೆ 3,200 ರೂಪಾಯಿ. ಮಾಲಕರು ಅಷ್ಟು ದುಡ್ಡಿಗೆ ಮನೆಯವರನ್ನು ಕೇಳಬೇಕಾಗಿಲ್ಲ, ಪಾರ್ಟ್‌ನರನ್ನು ಕೇಳಬೇಕಾಗಿಲ್ಲ.

ಆದರೂ ಮೊದಲ ಎಂಟು ತಿಂಗಳಲ್ಲಿ ಸಿಕ್ಕಿದ್ದು ಮೂರೇ ಕಾರ್ಖಾನೆ. ಒಬ್ಬ ಮಾಲಕರು ಐದು ತಿಂಗಳ ಬಾಕಿ ಉಳಿಸಿ, ಹೋದಾಗಲೆಲ್ಲ ಶರಬತ್ತು ಕೊಟ್ಟು ಕಳಿಸುತ್ತಿದ್ದರು. ಆಗ ಆಡಿಟರು ಹೇಳಿದ ಒಂದು ವಿಷಯ ಸಣ್ಣ ವ್ಯಾಪಾರ ಮಾಡುವ ಎಲ್ಲ ಹೆಂಗಸರಿಗೂ ಗೊತ್ತಿರಬೇಕು. ಉದ್ಯಮ್ ಎಂಬ ಸರಕಾರಿ ನೋಂದಣಿ ಇದೆ, ಅದಕ್ಕೆ ಒಂದು ಪೈಸೆ ಕೊಡಬೇಕಾಗಿಲ್ಲ. ಅದು ಮಾಡಿಸಿಕೊಂಡ ಸಣ್ಣ ತಯಾರಕರಿಗೆ, ಸೇವೆ ಕೊಡುವವರಿಗೆ, ಕೊಂಡವರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡಬೇಕೆಂದು 2006ರ ಕಾನೂನೇ ಹೇಳುತ್ತದೆ. 2024ರ ಏಪ್ರಿಲಿನಿಂದ, ಹೀಗೆ ತಡೆಹಿಡಿದ ಬಾಕಿಯನ್ನು ಕೊಡುವವರೆಗೆ ಅದನ್ನು ಖರ್ಚೆಂದು ತೋರಿಸಿ ಆದಾಯ ತೆರಿಗೆ ಉಳಿಸುವಂತಿಲ್ಲ ಎಂಬ ನಿಯಮವೂ ಬಂತು. ಹುಡುಗಿ ಜಗಳವಾಡಲಿಲ್ಲ. ಇದನ್ನು ಒಂದು ಬಿಲ್ಲಿನ ಕೆಳಗೆ ಎರಡು ಸಾಲಿನಲ್ಲಿ ಬರೆದು ಕಳಿಸಿದಳು. ಮುಂದಿನ ವಾರ ಶರಬತ್ತಿನ ಜೊತೆ ಚೆಕ್ಕೂ ಬಂತು.

2024ರ ಫೆಬ್ರವರಿಯಲ್ಲಿ ಗೆಳೆಯ ಬಿಟ್ಟುಹೋದ. ಅವನ ಮನೆಯಲ್ಲೂ ಒತ್ತಡ; ವಿದೇಶದಲ್ಲಿ ಒಳ್ಳೆಯ ಕೆಲಸ ಸಿಕ್ಕಿತ್ತು. ಅವನು ಬಂದು ಹೇಳಿದ ಸಂಜೆ ಹುಡುಗಿ ಬಹಳ ಅತ್ತಳು. ಆದರೆ ಜಗಳವಾಡಲು ಏನೂ ಇರಲಿಲ್ಲ, ಎಲ್ಲ ಕಾಗದದಲ್ಲಿತ್ತು. ಅವನ ಎರಡು ಲಕ್ಷದಲ್ಲಿ ತಿಂಗಳಿಗೆ ಐದು ಸಾವಿರದಂತೆ ಈಗಲೂ ಕಟ್ಟುತ್ತಿದ್ದಾಳೆ. ಅವನು ಈಗಲೂ ಯುಗಾದಿಗೆ ತಂಗಿಗೆ ಫೋನು ಮಾಡುತ್ತಾನೆ.

ತೊಡಕು ಬಂದದ್ದು ಬೇರೆ ಕಡೆಯಿಂದ. ಪ್ರೈವೇಟ್ ಲಿಮಿಟೆಡ್ ಕಂಪೆನಿಗೆ ಕನಿಷ್ಠ ಇಬ್ಬರು ಡೈರೆಕ್ಟರುಗಳು ಬೇಕು, ಇಬ್ಬರು ಪಾಲುದಾರರು ಬೇಕು. ಗೋಡೆಯ ಕಾಗದದಲ್ಲಿ ಮೂರು ತಿಂಗಳು ಉಳಿದಿತ್ತು. ಆ ಭಾನುವಾರ ತಂಗಿ ಬಸ್ಸು ಹತ್ತಿ ಕುಂದಾಪುರಕ್ಕೆ ಬಂದಳು. ಚೀಲದಿಂದ ಚಿನ್ನದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಮಾತಾಡಲಿಲ್ಲ. ನಾನೂ ಆ ಹೊತ್ತಿನಲ್ಲಿ ಬೇಡ ಎನ್ನಲಿಲ್ಲ; ಬೇಡ ಎನ್ನುವ ಹಕ್ಕು ನನಗಿರಲಿಲ್ಲ. ಡಬ್ಬಿಯನ್ನು ಮುಚ್ಚಿ ಅವಳ ಕಡೆಗೆ ಸರಿಸಿದವಳು ಮಗಳು. "ಅಮ್ಮ, ಚಿನ್ನ ಬೇಡ, ನೀನು ಬೇಕು. ಡೈರೆಕ್ಟರ್ ಆಗು" ಎಂದಳು.

ಹೀಗೆ ಎಸ್ಸೆಸ್ಸೆಲ್ಸಿ ಓದಿದ, ರವಿಕೆ ಹೊಲಿಯುವ ನನ್ನ ತಂಗಿ ಕಂಪೆನಿಯ ಡೈರೆಕ್ಟರಾದಳು. ಅವಳಿಗೊಂದು ನಂಬರು ಬಂತು, ಪೆನ್ ಡ್ರೈವಿನಲ್ಲಿ ಡಿಜಿಟಲ್ ಸಹಿ ಬಂತು. ಅದನ್ನು ಅವಳು ಎಲ್ಲಿಟ್ಟಳು ಗೊತ್ತೇ? ಚಿನ್ನದ ಡಬ್ಬಿಯಲ್ಲಿ! ನಾಮಕಾವಸ್ತೆ ಡೈರೆಕ್ಟರಾಗಲು ಅವಳಿಗೆ ಮನಸ್ಸಿರಲಿಲ್ಲ. ಕಾರ್ಖಾನೆಗೆ ಹೋಗುವ ಗಿರಾಕಿಗಳಿಂದ ಯಾವ ಮಾಲಕರಿಗೆ ಲೆಕ್ಕದ ತಲೆನೋವು ಹೆಚ್ಚು, ಯಾರು ಸರಿಯಾಗಿ ಬಟವಾಡೆ ಮಾಡುತ್ತಾರೆ ಎಂದು ವಿಚಾರಿಸಿ ಪಟ್ಟಿ ಮಾಡಿಕೊಟ್ಟಳು. ಹುಡುಗಿ ಒಳ್ಳೆಯ ಇಬ್ಬರು ಮಾಲಕರನ್ನು ಕಂಡು, ಒಂದು ವರ್ಷದ ಹಣ ಮುಂಗಡ ಕೊಟ್ಟರೆ ಒಂದು ತಿಂಗಳು ಬಿಡುತ್ತೇನೆ ಎಂದಳು. ತಲಾ 35,200 ಬಂತು. ಒಬ್ಬರೇ ಆದ್ದರಿಂದ ಖರ್ಚೂ ಇಪ್ಪತ್ತು ಸಾವಿರಕ್ಕೆ ಇಳಿದಿತ್ತು. ಆ ಹಣ ಮುಗಿಯುವುದರೊಳಗೆ ಅಮ್ಮನ ಪಟ್ಟಿಯಿಂದ ಇನ್ನೂ ಎರಡು ಕಾರ್ಖಾನೆ ಸೇರಿದವು.

ಮಧ್ಯೆ ಬೆಂಗಳೂರಿನಿಂದ ಒಬ್ಬರು ಹಣ ಹೂಡುತ್ತೇವೆಂದು ಬಂದಿದ್ದರು. ಇಪ್ಪತ್ತೈದು ಲಕ್ಷ ಕೊಟ್ಟು ನೂರಕ್ಕೆ ನಲವತ್ತು ಪಾಲು ಕೇಳಿದರು. ಹೂಡಿಕೆ ಸಾಲವಲ್ಲ, ಹಿಂದಿರುಗಿಸಬೇಕಾಗಿಲ್ಲ ಎಂದು ಕೇಳಿ ತಂಗಿಗೆ ಆಸೆಯಾಯಿತು. ಹಿಂದಿರುಗಿಸಬೇಕಾಗಿಲ್ಲ ನಿಜ, ಆದರೆ ನಾಳೆ ಯಾವ ತೀರ್ಮಾನಕ್ಕೂ ಅವರ ಮುಖ ನೋಡಬೇಕು. ಅವರಿಗೆ ಐದಾರು ವರ್ಷದಲ್ಲಿ ಹತ್ತು ಪಟ್ಟಾಗಬೇಕು. ಗೇರುಬೀಜದ ಕಾರ್ಖಾನೆಗಳು ನಮ್ಮ ಕರಾವಳಿಯಲ್ಲಿ ಎಷ್ಟಿವೆಯೋ ಅಷ್ಟೇ ಇವೆ, ಹತ್ತು ಪಟ್ಟಾಗುವುದಿಲ್ಲ. ಬೇಡವೆಂದಳು. ಬೇರೆ ವ್ಯವಹಾರವಾಗಿದ್ದರೆ ಹೌದೆನ್ನಬೇಕಾಗಿತ್ತೋ ಏನೋ. ಹೊಸ ಹೊಳಹುಗಳಿಗೆ ರಾಜ್ಯ ಸರಕಾರದ ‘ಎಲಿವೇಟ್’ ಎಂಬ ಯೋಜನೆಯಿದೆ, ಮಣಿಪಾಲದಲ್ಲಿ ಹೊಸ ಉದ್ದಿಮೆಗಳಿಗೆ ಜಾಗ ಮತ್ತು ಮಾರ್ಗದರ್ಶನ ಕೊಡುವ ಕೇಂದ್ರವಿದೆ. ಅಲ್ಲಿಗೆ ಹೋಗಿ ವಿಚಾರಿಸಲು ಸಂಕೋಚ ಪಡಬಾರದು. ನಮ್ಮ ಹುಡುಗಿಯರಿಗೆ ಆ ಸಂಕೋಚ ಹುಡುಗರಿಗಿಂತ ಹೆಚ್ಚು.

ಈಗ ಒಂಬತ್ತು ಕಾರ್ಖಾನೆಗಳಾಗಿವೆ. ಶ್ರೀಮಂತಿಕೆಯೇನಲ್ಲ. ಬೆಂಗಳೂರಿನ ಅವಳ ಹಳೆಯ ಸಂಬಳಕ್ಕೆ ಈಗ ಬಂದು ಮುಟ್ಟುತ್ತಿದ್ದಾಳೆ, ಅವಳ ಜೊತೆಗೆ ಸೇರಿದವರು ಅದರ ಎರಡು ಪಟ್ಟು ತೆಗೆದುಕೊಳ್ಳುತ್ತಿದ್ದಾರೆ. ಮದುವೆಯ ಮಾತನ್ನು ತಂಗಿ ಮಂಗಳವಾರಕ್ಕೊಮ್ಮೆ ಎತ್ತುತ್ತಾಳೆ, ಬುಧವಾರ ಕಾರ್ಖಾನೆಯ ಲೆಕ್ಕದಲ್ಲಿ ಮರೆಯುತ್ತಾಳೆ.

ಕುಮಟೆಯ ಕಡೆಯಿಂದಲೂ ಕರೆ ಬಂದದ್ದರಿಂದ ಸಹಾಯಕ್ಕೆ ಒಬ್ಬಳನ್ನು ಇಟ್ಟುಕೊಳ್ಳಬೇಕಾಯಿತು. ಸಿಕ್ಕಿದವಳು ಬಿ.ಕಾಂ. ಮುಗಿಸಿದ ಹುಡುಗಿ, ಮೊದಲ ಚೀಟಿ ಕೇಳಿದ ಆ ಬೀಜ ಸುಲಿಯುವಾಕೆಯ ಮಗಳು, ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿನಿ. ಕಳೆದ ತಿಂಗಳು ನನ್ನ ತಂಗಿಯ ಮಗಳು ಫೋನು ಮಾಡಿ, "ದೊಡ್ಡಮ್ಮ, ಇವಳು ಸೇರುವ ಮೊದಲು ಏನು ಕೇಳುತ್ತಿದ್ದಾಳೆ ಗೊತ್ತುಂಟಾ?" ಎಂದು ನಕ್ಕಳು. ನೇಮಕ ಪತ್ರ ಲಿಖಿತವಾಗಿ ಬೇಕು, ಸಂಬಳದ ತಾರೀಕು ಅದರಲ್ಲಿ ಇರಬೇಕು, ಕೈಗೆ ಬರುವುದೆಷ್ಟು ಎಂದು ಬೇರೆಯಾಗಿ ಬರೆಯಬೇಕು, ಅಂಕಪಟ್ಟಿ ತೋರಿಸುತ್ತೇನೆ, ಕೊಡುವುದಿಲ್ಲ. ಕೊಡು ಎಂದೆ. ಎರಡು ಪುಟದ ಪತ್ರ ಕನ್ನಡದಲ್ಲೇ ತಯಾರಾಯಿತು. ಡೈರೆಕ್ಟರ್ ಎಂಬ ಜಾಗದಲ್ಲಿ ನನ್ನ ತಂಗಿ, ಪೆನ್ನಿನ ಮುಚ್ಚಳ ಬಾಯಲ್ಲಿ ಕಚ್ಚಿಕೊಂಡು, ಅಕ್ಷರ ಅಕ್ಷರವಾಗಿ ಪೂರ್ತಿ ಹೆಸರು ಬರೆದು ಸಹಿ ಮಾಡಿದಳಂತೆ.